ಕಡಲ ನಡುವಣ ಮನೆ
(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ವೈಜ್ಞಾನಿಕ ಚಲನಚಿತ್ರಗಳಲ್ಲಿ ಶ್ರೇಷ್ಠವಾದುದು ಯಾವುದು, ಅದು ತನ್ನ ಮೂಲ ಕಾದಂಬರಿಗಿಂತ ಮಿಗಿಲೋ ಕಡಿಮೆಯೋ ಎಂಬ ವಾದ ನಮ್ಮ ಸಂಘದ ವಾಚನಾಲಯದಲ್ಲಿ ಆಗಾಗ ನಡೆಯುತ್ತಲೇ ಇರುತ್ತದೆ. ತರುಣರು 'ಡ್ಯೂನ್' ಎನ್ನುತ್ತಾರೆ. ನನ್ನ ವಯಸ್ಸಿನವರು '2001: ಎ ಸ್ಪೇಸ್ ಒಡಿಸ್ಸಿ' ಎನ್ನುತ್ತಾರೆ. 'ಬ್ಲೇಡ್ ರನ್ನರ್' ಹೆಸರು ಬಂದಾಗ ಎರಡು ಪಕ್ಷಗಳ ನಡುವೆ ತಾತ್ಕಾಲಿಕ ಕದನವಿರಾಮ ಏರ್ಪಡುತ್ತದೆ. ಚಹಾದ ಮೇಜಿನ ಮೇಲಿನ ಈ ವಾದವನ್ನು ವೇದಿಕೆಯ ಮೇಲೆ ತರಬೇಕೆಂದು ಕಾರ್ಯಕಾರಿ ಸಮಿತಿಯವರು ಆದೇಶಿಸಿದ್ದಾರೆ. ಆದರೆ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ನಾನು ತಂದಿಲ್ಲ. ಅಂಥ ಪಟ್ಟಿಗಳು ತಮಗೆ ಎಲ್ಲಿ ಬೇಕಾದರೂ ಸಿಗುತ್ತವೆ. ಕೆಲವು ಚಿತ್ರಗಳನ್ನು ಬೇಗನೆ ಮುಟ್ಟಿ, ಒಂದರ ಬಳಿ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ.

ಕನ್ನಡಿಗರಾದ ನಮಗೆ ಕಾದಂಬರಿ ಮತ್ತು ಚಿತ್ರಗಳ ಜಗಳ ಹೊಸದೇನೂ ಅಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ 'ನಾಗರಹಾವು' ಚಿತ್ರವನ್ನು ಮಾಡಿದರು. ಚಿತ್ರವನ್ನು ನೋಡಿದ ತ.ರಾ.ಸು. ಅವರು ಇದು ನಾಗರಹಾವಲ್ಲ, ಕೇರೆಹಾವು ಎಂದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಜನ ಮಾತ್ರ ಆ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಇಬ್ಬರ ಪಕ್ಷ ವಹಿಸುವವರೂ ನಮ್ಮಲ್ಲಿ ಇದ್ದಾರೆ, ಈ ಸಭೆಯಲ್ಲೂ ಇದ್ದಾರು. ಅದೇ 1972ರಲ್ಲಿ ರಷ್ಯದ ಆಂದ್ರೇಯ್ ತಾರ್ಕೊವ್‌ಸ್ಕಿಯ 'ಸೊಲಾರಿಸ್' ಚಿತ್ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನವನ್ನು ಪಡೆಯಿತು. ಅದರ ಮೂಲ ಕಾದಂಬರಿಯ ಲೇಖಕ, ಪೋಲೆಂಡಿನ ಸ್ತಾನಿಸ್ವಾವ್ ಲೆಮ್, ಇದು ನನ್ನ 'ಸೊಲಾರಿಸ್' ಅಲ್ಲವೇ ಅಲ್ಲ ಎಂದು ಬಾಳಿನ ಕೊನೆಯವರೆಗೂ ಹೇಳುತ್ತಲೇ ಬಂದ. ಅವನ ತಕರಾರು ನಮ್ಮ ತ.ರಾ.ಸು. ಅವರ ತಕರಾರಿಗಿಂತ ಹೆಚ್ಚು ಕಹಿಯಾದದ್ದು. ಅದಕ್ಕೆ ಕಾರಣವೂ ಬೇರೆ. ಆ ಕಾರಣವನ್ನು ತಿಳಿಯದೆ ಈ ಬಗೆಯ ಚಿತ್ರಗಳ ಮೇಲು ಕೀಳನ್ನು ನಿರ್ಣಯಿಸುವುದು ಕಷ್ಟ.

ಸಾಮಾಜಿಕ ಕಾದಂಬರಿಯ ಲೋಕ ಲೇಖಕನಿಗೂ ಓದುಗನಿಗೂ ನಿರ್ದೇಶಕನಿಗೂ ಸಮಾನವಾದದ್ದು. ಚಿತ್ರದುರ್ಗದ ಕೋಟೆ ತ.ರಾ.ಸು. ಅವರಿಗೆ ಮೊದಲೂ ಇತ್ತು, ಪುಟ್ಟಣ್ಣನವರ ಕ್ಯಾಮೆರಾ ಅಲ್ಲಿಗೆ ಹೋದಾಗಲೂ ಇತ್ತು. ವೈಜ್ಞಾನಿಕ ಕಾದಂಬರಿಯಲ್ಲಿ ಹಾಗಲ್ಲ. ಅಲ್ಲಿ ಲೇಖಕ ಒಂದು ಊಹೆಯನ್ನು ಹೂಡುತ್ತಾನೆ. ಲೋಕವು ಈ ಒಂದು ವಿಷಯದಲ್ಲಿ ಬೇರೆಯಾಗಿದ್ದರೆ ಮನುಷ್ಯನಿಗೆ ಏನಾದೀತು ಎಂಬುದು ಆ ಊಹೆ. ಪಾತ್ರಗಳು, ಸ್ಥಳ, ಘಟನೆ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ನಿರ್ದೇಶಕನು ಪಾತ್ರಗಳನ್ನು ಬದಲಾಯಿಸಬಹುದು, ಮುಕ್ತಾಯವನ್ನು ತಿದ್ದಬಹುದು. ಆ ಮೂಲ ಊಹೆಯನ್ನೇ ಕೈಬಿಟ್ಟರೆ ಉಳಿಯುವುದು ಬೇರೊಂದು ಕೃತಿ. ಆ ಬೇರೊಂದು ಕೃತಿ ಒಳ್ಳೆಯದೇ ಅಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ವಾಚನಾಲಯದ ವಾದಗಳಲ್ಲಿ ಈ ಎರಡು ಪ್ರಶ್ನೆಗಳು ಬೆರೆತು ಹೋಗುತ್ತವೆ ಎಂಬುದು ನನ್ನ ದೂರು.

'2001'ರ ವಿಷಯದಲ್ಲಿ ಮೂಲ ಯಾವುದು ಎಂಬುದೇ ಜಟಿಲವಾಗಿದೆ. ಆರ್ಥರ್ ಕ್ಲಾರ್ಕ್ 1951ರಲ್ಲಿ ಪ್ರಕಟಿಸಿದ್ದ 'ದಿ ಸೆಂಟಿನೆಲ್' ಎಂಬ ಸಣ್ಣಕತೆ ಅದರ ಬೀಜ. 1964ರಿಂದ ಕ್ಲಾರ್ಕ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಒಟ್ಟಿಗೆ ಕುಳಿತು ಕಾದಂಬರಿ ಮತ್ತು ಚಿತ್ರಕಥೆ ಎರಡನ್ನೂ ಬೆಳೆಸಿದರು. ಚಿತ್ರ 1968ರ ಏಪ್ರಿಲಿನಲ್ಲಿ ಬಂತು. ಕಾದಂಬರಿ ಬಂದದ್ದು ಕೆಲವು ತಿಂಗಳ ನಂತರ. ಕಾದಂಬರಿಯಲ್ಲಿ ಅಂತರಿಕ್ಷನೌಕೆ ಶನಿಗ್ರಹದವರೆಗೆ ಹೋಗುತ್ತದೆ. ಶನಿಯ ಬಳೆಗಳನ್ನು ನಂಬುವಂತೆ ತೆರೆಯ ಮೇಲೆ ತರುವುದು ಆ ಕಾಲದಲ್ಲಿ ಸಾಧ್ಯವಾಗದೆ ಚಿತ್ರದಲ್ಲಿ ಗುರುಗ್ರಹಕ್ಕೇ ನಿಂತಿತು. ಸ್ವಾರಸ್ಯವೆಂದರೆ 1982ರಲ್ಲಿ ಕ್ಲಾರ್ಕ್ ಮುಂದಿನ ಭಾಗ ಬರೆದಾಗ ತನ್ನದೇ ಕಾದಂಬರಿಯ ಶನಿಯನ್ನು ಬಿಟ್ಟು ಚಿತ್ರದ ಗುರುವನ್ನು ಹಿಡಿದ. ಲೇಖಕನೇ ಚಿತ್ರಕ್ಕೆ ಶರಣಾದ ಮೇಲೆ ನಾವೇಕೆ ಹೋರಾಡಬೇಕು? ಚಿತ್ರ ಎಲ್ಲಿ ಮೌನವಾಗಿದೆಯೋ ಅಲ್ಲೆಲ್ಲ ಕಾದಂಬರಿ ವಿವರಿಸುತ್ತದೆ. ಹ್ಯಾಲ್ ಎಂಬ ಗಣಕಯಂತ್ರ ಕೊಲೆಗಿಳಿದದ್ದೇಕೆ ಎಂಬುದಕ್ಕೂ ಅಲ್ಲಿ ಕಾರಣವಿದೆ: ಸತ್ಯ ಹೇಳಲೆಂದು ನಿರ್ಮಿತವಾದ ಯಂತ್ರಕ್ಕೆ ಗುಟ್ಟು ಕಾಯುವ ಆಜ್ಞೆಯಾಗಿತ್ತು. ಒಳ್ಳೆಯ ವಿವರಣೆಯೇ. ಆದರೂ ಕಾವ್ಯವನ್ನು ಓದಿದ ಮೇಲೆ ಅದರ ಟೀಕೆಯನ್ನು ಓದಿದಂತಾಗುತ್ತದೆ. ಇಲ್ಲಿ ನನ್ನ ಮತ ಚಿತ್ರಕ್ಕೆ.

ಕ್ಲಾರ್ಕ್ 1956ರಿಂದ ತನ್ನ ಕೊನೆಯವರೆಗೂ ಶ್ರೀಲಂಕಾದಲ್ಲಿ ನೆಲೆಸಿದ್ದವನು. ಸತ್ಯಜಿತ್ ರಾಯ್ ಅವರ 'ದಿ ಏಲಿಯನ್' ಯೋಜನೆಯಲ್ಲೂ ಅವನ ಹೆಸರು ಬರುತ್ತದೆ. ತಮ್ಮದೇ 1962ರ ಬಂಗಾಳಿ ಕತೆ 'ಬಂಕುಬಾಬುರ್ ಬಂಧು'ವನ್ನು ಆಧರಿಸಿ ರಾಯ್ 1967ರಲ್ಲಿ ಬರೆದ ಆ ಚಿತ್ರಕಥೆಯಲ್ಲಿ ಅಂತರಿಕ್ಷನೌಕೆ ಬಂದಿಳಿಯುವುದು ಬಂಗಾಳದ ಒಂದು ಹಳ್ಳಿಯ ತಾವರೆ ಕೊಳದಲ್ಲಿ. ಹಾಲಿವುಡ್ಡಿನವರೆಗೆ ಹೋದ ಆ ಚಿತ್ರ ಕೊನೆಗೂ ತಯಾರಾಗಲಿಲ್ಲ. ನಮ್ಮ ಚರ್ಚೆಯ ಪಟ್ಟಿಯಲ್ಲಿ ಅದಕ್ಕೊಂದು ಖಾಲಿ ಕುರ್ಚಿ ಇರಬೇಕೆಂದು ಮಾತ್ರ ಕೇಳಿಕೊಳ್ಳುತ್ತೇನೆ.

ಇನ್ನು 'ಬ್ಲೇಡ್ ರನ್ನರ್'. ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಕಾದಂಬರಿಯ ಹೆಸರೇ ಒಂದು ಪ್ರಶ್ನೆ: ಯಂತ್ರಮಾನವರು ಕನಸಿನಲ್ಲಿ ವಿದ್ಯುತ್ ಕುರಿಗಳನ್ನು ಕಾಣುತ್ತಾರೆಯೇ? ಯುದ್ಧದ ನಂತರ ವಿಕಿರಣದ ಧೂಳು ಮುಚ್ಚಿದ ಭೂಮಿಯಲ್ಲಿ ಪ್ರಾಣಿಗಳು ಬಹುಮಟ್ಟಿಗೆ ಅಳಿದಿವೆ. ಜೀವಂತ ಪ್ರಾಣಿಯನ್ನು ಸಾಕುವುದು ಅಲ್ಲಿ ಮರ್ಯಾದೆಯ ಕುರುಹು. ಕಥಾನಾಯಕ ಡೆಕಾರ್ಡನ ತಾರಸಿಯ ಮೇಲಿರುವುದು ಯಂತ್ರದ ಕುರಿ. ನೆರೆಯವರಿಗೆ ತಿಳಿದರೆ ಮಾನ ಹೋದೀತೆಂಬ ಭಯ ಅವನಿಗೆ. ನಿಜವಾದ ಪ್ರಾಣಿಯೊಂದನ್ನು ಕೊಳ್ಳುವ ಹಣಕ್ಕಾಗಿ ಅವನು ತಪ್ಪಿಸಿಕೊಂಡ ಯಂತ್ರಮಾನವರನ್ನು ಬೇಟೆಯಾಡುತ್ತಾನೆ. ಮನುಷ್ಯನನ್ನು ಯಂತ್ರದಿಂದ ಬೇರ್ಪಡಿಸುವುದು ಅನುಕಂಪ ಎಂಬುದು ಡಿಕ್‌ನ ಊಹೆ. ಯಂತ್ರಮಾನವರು ಒಂದು ಜೇಡವನ್ನು ಹಿಡಿದು, ನಾಲ್ಕೇ ಕಾಲುಗಳಲ್ಲಿ ಅದು ನಡೆದೀತೇ ಎಂದು ನೋಡಲು ಒಂದೊಂದಾಗಿ ಕಾಲು ಕತ್ತರಿಸುವ ದೃಶ್ಯ ಆ ಪುಸ್ತಕದಲ್ಲಿದೆ. ಓದಿದವರು ಅದನ್ನು ಮರೆಯಲಾರರು.

1982ರ ಚಿತ್ರದಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಕುರಿಯನ್ನು ತೆಗೆದುಹಾಕಿದ, ಕಾದಂಬರಿಯ ವಿಚಿತ್ರ ಮತಧರ್ಮವನ್ನೂ ತೆಗೆದುಹಾಕಿದ, ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟು ಲಾಸ್ ಏಂಜಲಿಸ್‌ಗೆ ಬಂದ. ಕೊನೆಯಲ್ಲಿ, ಸಾಯಲಿರುವ ಯಂತ್ರಮಾನವ ತನ್ನನ್ನು ಕೊಲ್ಲಬಂದವನನ್ನೇ ಕೈಹಿಡಿದು ಮೇಲೆತ್ತುತ್ತಾನೆ. ಅನುಕಂಪವಿಲ್ಲದವರನ್ನು ಕೊಂದು ಕೊಂದು ಮನುಷ್ಯನೇ ಅನುಕಂಪವನ್ನು ಕಳೆದುಕೊಂಡರೆ ಎಂದು ಕಾದಂಬರಿ ಕೇಳಿದರೆ, ಯಂತ್ರಕ್ಕೇ ಅನುಕಂಪ ಹುಟ್ಟಿದರೆ ಕೊಲ್ಲುವವನು ಯಾರು ಎಂದು ಚಿತ್ರ ಕೇಳುತ್ತದೆ. ಊಹೆ ತಲೆಕೆಳಗಾಗಿದೆಯೇ ಹೊರತು ಕಳೆದುಹೋಗಿಲ್ಲ. ಚಿತ್ರೀಕರಣದ ಕೆಲವು ತುಣುಕುಗಳನ್ನು ನೋಡಿ ಮೆಚ್ಚಿದ್ದ ಡಿಕ್, ಚಿತ್ರ ಬಿಡುಗಡೆಯಾಗುವ ಮೊದಲೇ, 1982ರ ಮಾರ್ಚಿನಲ್ಲಿ ತೀರಿಕೊಂಡ. ಚಿತ್ರದ ಕತೆ ನಡೆಯುವುದು 2019ರಲ್ಲಿ. ಆ ಭವಿಷ್ಯಕಾಲವೂ ಈಗ ಕಳೆದುಹೋಯಿತು. ಎಡೆಬಿಡದ ಮಳೆ, ಕಿಕ್ಕಿರಿದ ಬೀದಿ, ಹತ್ತು ಭಾಷೆಗಳ ಗದ್ದಲ: ಜುಲೈ ತಿಂಗಳಲ್ಲಿ ದಾದರ್ ಸ್ಟೇಶನ್ನಿನ ಹೊರಗೆ ನಿಂತವರಿಗೆ ಅದು ಎಂದೂ ಭವಿಷ್ಯವೆನಿಸಿರಲಾರದು.

'ಡ್ಯೂನ್' ಬಗ್ಗೆ ತರುಣ ಮಿತ್ರರ ಕ್ಷಮೆ ಕೋರಿ ಎರಡೇ ಮಾತು. ಫ್ರಾಂಕ್ ಹರ್ಬರ್ಟ್‌ನ 1965ರ ಕಾದಂಬರಿಯ ಜೀವಾಳ ನೀರು. ಹನಿ ನೀರಿಲ್ಲದ ಗ್ರಹದಲ್ಲಿ ಸಮಾಜ, ಶಿಷ್ಟಾಚಾರ, ಮತ ಎಲ್ಲವೂ ಹೇಗೆ ರೂಪುಗೊಂಡಾವು ಎಂಬುದು ಅಲ್ಲಿನ ಊಹೆ. ಡೆನಿ ವಿಲ್ನವ್ 2021 ಮತ್ತು 2024ರಲ್ಲಿ ಮಾಡಿದ ಎರಡು ಭಾಗಗಳು ಡೇವಿಡ್ ಲಿಂಚ್‌ನ 1984ರ ಚಿತ್ರಕ್ಕಿಂತ ಎಷ್ಟೋ ಮೇಲು. ಆದರೂ ಎರಡನೆಯ ಭಾಗದ ಹೊತ್ತಿಗೆ ನೀರು ಹಿಂದೆ ಸರಿದು ಯುದ್ಧ ಮುಂದೆ ಬರುತ್ತದೆ.

ಅದೇ ನಿರ್ದೇಶಕನ 2016ರ 'ಅರೈವಲ್' ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಭಾಷೆಯನ್ನೇ ಕುರಿತ ಚಿತ್ರವಾದ್ದರಿಂದ ನಮ್ಮಂಥವರಿಗೆ ಅದರಲ್ಲಿ ವಿಶೇಷ ಆಸಕ್ತಿ ಸಹಜ. ಟೆಡ್ ಚಿಯಾಂಗ್ 1998ರಲ್ಲಿ ಪ್ರಕಟಿಸಿದ 'ಸ್ಟೋರಿ ಆಫ್ ಯುವರ್ ಲೈಫ್' ಎಂಬ ನೀಳ್ಗತೆ ಅದರ ಮೂಲ. ಬೇರೆ ಲೋಕದಿಂದ ಬಂದವರ ಲಿಪಿಯನ್ನು ಕಲಿಯುತ್ತ ಹೋದಂತೆ ಭಾಷಾವಿಜ್ಞಾನಿ ಲೂಯಿಸ್‌ಳ ಕಾಲಪ್ರಜ್ಞೆಯೇ ಬದಲಾಗುತ್ತದೆ. ಮುಂದೆ ಆಗಲಿರುವುದು ಅವಳಿಗೆ ನೆನಪಿನಂತೆ ತೋರತೊಡಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಬದುಕುವ ನಮಗಾರಿಗೂ ಭವಿಷ್ಯ ಕಂಡಿಲ್ಲವೆಂಬುದು ನಿಜ. ಆದರೂ ಭಾಷೆ ಬದಲಾದಾಗ ಮನಸ್ಸಿನ ನಡಿಗೆಯೂ ತುಸು ಬದಲಾಗುವುದನ್ನು ಇಲ್ಲಿ ಕುಳಿತವರೆಲ್ಲ ಬಲ್ಲರು.

ಕತೆಯಲ್ಲಿ ಚಿಯಾಂಗ್ ತನ್ನ ಊಹೆಗೆ ಭೌತಶಾಸ್ತ್ರದ ಆಧಾರ ಕೊಡುತ್ತಾನೆ. ಬೆಳಕು ಒಂದೆಡೆಯಿಂದ ಇನ್ನೊಂದೆಡೆಗೆ ಅತಿ ಕಡಿಮೆ ಕಾಲ ಹಿಡಿಯುವ ದಾರಿಯಲ್ಲೇ ಸಾಗುತ್ತದೆ ಎಂಬ ಫರ್ಮಾನ ನಿಯಮ ಅದು. ತಲುಪಬೇಕಾದ ತಾಣ ಹೊರಡುವಾಗಲೇ ಬೆಳಕಿಗೆ ತಿಳಿದಿರಬೇಕಲ್ಲವೇ? ಚಿತ್ರದಲ್ಲಿ ಈ ಭಾಗವಿಲ್ಲ. ಅದರ ಬದಲು ಮಹಾಯುದ್ಧದ ಭೀತಿಯೂ ಒಬ್ಬ ಚೀನೀ ಸೇನಾಪತಿಯೂ ಬಂದಿದ್ದಾರೆ. ಅದನ್ನಾದರೂ ಕ್ಷಮಿಸಬಹುದು. ಇನ್ನೊಂದು ಬದಲಾವಣೆ ಮೇಲುನೋಟಕ್ಕೆ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಕತೆಯಲ್ಲಿ ಲೂಯಿಸ್‌ಳ ಮಗಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಂಡೆ ಹತ್ತುವಾಗ ಬಿದ್ದು ಸಾಯುತ್ತಾಳೆ. ಚಿತ್ರದಲ್ಲಿ ಎಳೆಯ ವಯಸ್ಸಿನಲ್ಲೇ ವಾಸಿಯಾಗದ ರೋಗದಿಂದ ಸಾಯುತ್ತಾಳೆ. ರೋಗವನ್ನು ತಾಯಿ ತಡೆಯಲಾರಳು. ಬಂಡೆಗೆ ಹೋಗಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಗೊತ್ತಿದ್ದೂ ಅವಳು ಹೇಳುವುದಿಲ್ಲ, ಹೇಳಲಾರಳು. ಹಾಗೆ ಹೇಳುವುದು ಎಂಬುದೇ ಅವಳ ಹೊಸ ಭಾಷೆಯಲ್ಲಿ ಅರ್ಥ ಕಳೆದುಕೊಂಡಿದೆ. ಆ ಭೀಕರತೆಯನ್ನು ಚಿತ್ರ ನಮಗೆ ತಟ್ಟದಂತೆ ಮಾಡಿ, ಕಣ್ಣೀರನ್ನು ಮಾತ್ರ ಉಳಿಸಿತು. ಒಳ್ಳೆಯ ಚಿತ್ರ, ಮೂಲ ಕತೆ ಅದಕ್ಕಿಂತ ಧೀರವಾದದ್ದು.

ಈಗ 'ಸೊಲಾರಿಸ್'ಗೆ ಬರುತ್ತೇನೆ.

ಲೆಮ್‌ನ ಕಾದಂಬರಿ ಪ್ರಕಟವಾದದ್ದು 1961ರಲ್ಲಿ. ಸೊಲಾರಿಸ್ ಎಂಬುದು ಎರಡು ಸೂರ್ಯರ ನಡುವೆ ಸುತ್ತುವ ಒಂದು ಗ್ರಹ. ಒಂದು ಸೂರ್ಯ ಕೆಂಪು, ಇನ್ನೊಂದು ನೀಲಿ. ಲೆಕ್ಕಾಚಾರದ ಪ್ರಕಾರ ಅಂಥ ಗ್ರಹದ ಕಕ್ಷೆ ಸ್ಥಿರವಾಗಿರಬಾರದು. ಆದರೆ ಗ್ರಹವನ್ನು ಆವರಿಸಿರುವ ಒಂದೇ ಒಂದು ಕಡಲು ಅದನ್ನು ಸ್ಥಿರವಾಗಿ ಹಿಡಿದಿಟ್ಟಿದೆ. ಕಡಲಿಗೆ ಜೀವವಿದೆ, ಬಹುಶಃ ಬುದ್ಧಿಯೂ ಇದೆ. ಮನುಷ್ಯ ಅದನ್ನು ಕಂಡು ನೂರು ವರ್ಷ ಕಳೆದಿವೆ. ಅದರ ಅಧ್ಯಯನಕ್ಕೆಂದೇ ಒಂದು ಶಾಸ್ತ್ರ ಹುಟ್ಟಿದೆ. ಗ್ರಂಥಗಳು, ಪಂಥಗಳು, ಖಂಡನೆಗಳು, ಮರುಖಂಡನೆಗಳು ಬೆಳೆದಿವೆ. ಕಡಲು ನಗರದಷ್ಟು ದೊಡ್ಡ ಆಕೃತಿಗಳನ್ನು ತನ್ನ ಮೈಯಿಂದ ಎಬ್ಬಿಸುತ್ತದೆ, ಮತ್ತೆ ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ವಿಜ್ಞಾನಿಗಳು ಅವುಗಳಿಗೆ ಹೆಸರಿಟ್ಟಿದ್ದಾರೆ, ವರ್ಗೀಕರಿಸಿದ್ದಾರೆ. ಅದು ಏಕೆ ಹಾಗೆ ಮಾಡುತ್ತದೆ ಎಂಬುದು ಮಾತ್ರ ಒಬ್ಬರಿಗೂ ತಿಳಿದಿಲ್ಲ. ಕಾದಂಬರಿಯ ಈ ಅಧ್ಯಾಯಗಳನ್ನು ಹಾರಿಸಿ ಓದುವವರಿದ್ದಾರೆ. ನನಗೆ ಅವೇ ಪ್ರಿಯ. ಒಂದು ಸೂತ್ರಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ಬೆಳೆಯುತ್ತ ಹೋಗುವ ಪರಂಪರೆಯ ನಾಡಿನಿಂದ ಬಂದವರಿಗೆ ಅದರ ಹಾಸ್ಯ ಬೇಗ ಅರ್ಥವಾಗುತ್ತದೆ. ಇಲ್ಲಿ ಸೂತ್ರವೇ ಮೂಕವಾಗಿದೆ, ಅಷ್ಟೆ.

ಕಡಲಿನ ಮೇಲೆ ತೇಲುವ ನಿಲ್ದಾಣಕ್ಕೆ ಮನೋವಿಜ್ಞಾನಿ ಕ್ರಿಸ್ ಕೆಲ್ವಿನ್ ಬರುತ್ತಾನೆ. ಅಲ್ಲಿದ್ದ ಮೂವರಲ್ಲಿ ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಉಳಿದಿಬ್ಬರು ಏನನ್ನೋ ಮುಚ್ಚಿಡುತ್ತಿದ್ದಾರೆ. ಮರುದಿನ ಬೆಳಗ್ಗೆ ಕೆಲ್ವಿನ್ ಎದ್ದಾಗ, ಹತ್ತು ವರ್ಷದ ಹಿಂದೆ ಜೀವ ಕಳೆದುಕೊಂಡ ಅವನ ಹೆಂಡತಿ ಎದುರಿಗೆ ಕುಳಿತಿರುತ್ತಾಳೆ. ಮಲಗಿರುವವರ ಮನಸ್ಸಿನ ಆಳದಿಂದ ಅತ್ಯಂತ ಮುಚ್ಚಿಟ್ಟ ನೆನಪನ್ನು ಹೆಕ್ಕಿ ಕಡಲು ಅದಕ್ಕೆ ದೇಹ ಕೊಟ್ಟು ಕಳಿಸುತ್ತದೆ. ಇದು ವರವೇ, ಶಿಕ್ಷೆಯೇ, ಪ್ರಯೋಗವೇ? ನಮ್ಮ ಅಂತರಂಗದೊಡನೆ ಮಾತಾಡಲು ಕಡಲಿಗೆ ತಿಳಿದಿರುವ ಏಕೈಕ ರೀತಿಯೇ? ಅಥವಾ ನಾವು ಅಲ್ಲಿದ್ದೇವೆಂಬುದೇ ಅದಕ್ಕೆ ತಿಳಿಯದೇ? ಲೆಮ್ ಉತ್ತರ ಕೊಡುವುದಿಲ್ಲ. ಉತ್ತರ ಸಿಗದಿರುವುದೇ ಅವನ ಊಹೆ. ಬಂದವಳು ತಾನು ಯಾರ ಪ್ರತಿರೂಪವೋ ಅವಳಲ್ಲವೆಂದು ತಾನೇ ಅರಿತು, ಕೆಲ್ವಿನ್‌ಗೆ ತಿಳಿಯದಂತೆ ತನ್ನನ್ನು ಇಲ್ಲವಾಗಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಕೆಲ್ವಿನ್ ಮೊದಲ ಸಲ ಕಡಲಂಚಿಗೆ ಇಳಿದು ಕೈ ಚಾಚುತ್ತಾನೆ. ಅಲೆ ಬಂದು ಅವನ ಕೈಯನ್ನು ಸುತ್ತುವರಿಯುತ್ತದೆ, ಆದರೆ ಮುಟ್ಟುವುದಿಲ್ಲ.

ತಾರ್ಕೊವ್‌ಸ್ಕಿ ಈ ಕತೆಯ ಬಾಹ್ಯರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡ. ಆದರೆ ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲದ ಒಂದು ಮನೆಯನ್ನು ಅದಕ್ಕೆ ಸೇರಿಸಿದ. ಕಾದಂಬರಿ ಅಂತರಿಕ್ಷದಲ್ಲಿ ಆರಂಭವಾದರೆ, ಚಿತ್ರ ಆರಂಭವಾಗುವುದು ಭೂಮಿಯ ಮೇಲೆ: ನೀರಿನಡಿಯಲ್ಲಿ ತೊನೆಯುವ ಜೊಂಡು, ಕೊಳ, ಮಂಜು, ಮರದ ಮನೆ, ವೃದ್ಧ ತಂದೆ. ನಿಲ್ದಾಣ ತಲುಪುವ ಹೊತ್ತಿಗೆ ಮುಕ್ಕಾಲು ಗಂಟೆಯಷ್ಟು ಕಳೆದಿರುತ್ತದೆ. ನಾನು ಇದನ್ನು ಮೊದಲು ನೋಡಿದ್ದು ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಭವಿಷ್ಯದ ನಗರವೆಂದು ಟೋಕಿಯೋದ ಹೆದ್ದಾರಿಗಳಲ್ಲಿ ಚಿತ್ರಿಸಿದ ಕಾರಿನ ಪಯಣ ಮುಗಿಯುವುದೇ ಇಲ್ಲವೆಂದು ತೋರಿ, ಹಿಂದಿನ ಸಾಲಿನವರು ಚಹಾಕ್ಕೆ ಎದ್ದು ಹೋದರು. ಅವರು ಬಂದು ಕುಳಿತಾಗಲೂ ಕಾರು ಹೋಗುತ್ತಲೇ ಇತ್ತು.

ಫ್ರೀಡ್ರಿಖ್ ಗೊರೆನ್‌ಸ್ಟೈನ್ ಜೊತೆ ಸೇರಿ ತಾರ್ಕೊವ್‌ಸ್ಕಿ ಬರೆದ ಮೊದಲ ಕರಡಿನಲ್ಲಿ ಭೂಮಿಯ ಭಾಗ ಇನ್ನೂ ಬಹಳ ದೊಡ್ಡದಿತ್ತು. ಲೆಮ್ ಪ್ರತಿಭಟಿಸಿದ, ಅದನ್ನು ಕಡಿತಗೊಳಿಸಲಾಯಿತು. ಮಾಸ್ಕೋಗೆ ಹೋಗಿ ಕೆಲವು ವಾರ ನಿರ್ದೇಶಕನೊಡನೆ ಜಗಳವಾಡಿ, ಕೊನೆಗೆ ಸಿಟ್ಟಿನಿಂದ ಊರಿಗೆ ಮರಳಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ತಾರ್ಕೊವ್‌ಸ್ಕಿ ಮಾಡಿದ್ದು 'ಸೊಲಾರಿಸ್' ಅಲ್ಲ, ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಎಂಬುದು ಅವನ ಆಕ್ಷೇಪದ ತಿರುಳು. ಇನ್ನೊಂದು ಕಡೆಯಿಂದ ಸರ್ಕಾರದ ಅಧಿಕಾರಿಗಳೂ ಸುಮ್ಮನಿರಲಿಲ್ಲ. ಅವರು ಕೇಳಿದ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳನ್ನು ತಾರ್ಕೊವ್‌ಸ್ಕಿ 1972ರ ಆರಂಭದಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ದೇವರ ಕಲ್ಪನೆಯನ್ನು ತೆಗೆಯಬೇಕು ಎಂಬುದು ಒಂದು. ಕೆಲ್ವಿನ್ ಹೊರಟದ್ದು ಸಮಾಜವಾದಿ ಸಮಾಜದಿಂದಲೋ ಕಮ್ಯುನಿಸ್ಟ್ ಸಮಾಜದಿಂದಲೋ ಬಂಡವಾಳಶಾಹಿ ಸಮಾಜದಿಂದಲೋ ಸ್ಪಷ್ಟಪಡಿಸಬೇಕು ಎಂಬುದು ಇನ್ನೊಂದು. ಸತ್ತ ಹೆಂಡತಿ ಎದುರು ಬಂದು ಕುಳಿತವನನ್ನು ನಿನ್ನ ಆರ್ಥಿಕ ವ್ಯವಸ್ಥೆ ಯಾವುದೆಂದು ಕೇಳುವ ಧೈರ್ಯ ಅಧಿಕಾರಶಾಹಿಗೆ ಮಾತ್ರ ಸಾಧ್ಯ. ನಿರ್ದೇಶಕ ಇವುಗಳಲ್ಲಿ ಕೆಲವನ್ನಷ್ಟೇ ಒಪ್ಪಿದ.

ಲೆಮ್‌ನ ಆಕ್ಷೇಪ ನ್ಯಾಯವಾದುದೇ? ಹೌದು ಎಂದೇ ನನ್ನ ಅಭಿಪ್ರಾಯ. ಕಾದಂಬರಿಯ ಕಡಲು ಮನುಷ್ಯನ ಪಾಪಪುಣ್ಯಗಳಿಗೆ ಹೊರಗಿನದು. ಮನುಷ್ಯ ಅಂತರಿಕ್ಷಕ್ಕೆ ಹೋಗುವುದು ಅನ್ಯವನ್ನು ಅರಿಯಲೆಂದಲ್ಲ, ತನ್ನದೇ ಮುಖವನ್ನು ಅಲ್ಲಿಯೂ ಕಾಣಲೆಂದು ಎಂಬ ಕಠೋರ ಟೀಕೆ ಅಲ್ಲಿದೆ. ಚಿತ್ರದಲ್ಲಿ ಕಡಲು ಆತ್ಮಸಾಕ್ಷಿಯಾಗುತ್ತದೆ, ಪ್ರಾಯಶ್ಚಿತ್ತ ಮಾಡಿಸುವ ಗುರುವಾಗುತ್ತದೆ. ಅಂದರೆ ಲೆಮ್ ಯಾವುದನ್ನು ಮನುಷ್ಯನ ದೌರ್ಬಲ್ಯವೆಂದು ತೋರಿಸಿದನೋ ಅದನ್ನೇ ಚಿತ್ರವು ಮಾಡಿತು. ಆದರೆ ಎಷ್ಟು ಅದ್ಭುತವಾಗಿ ಮಾಡಿತು! ನಿಲ್ದಾಣದ ಗ್ರಂಥಾಲಯದಲ್ಲಿ ಅರ್ಧ ನಿಮಿಷ ಗುರುತ್ವಾಕರ್ಷಣೆ ಇಲ್ಲವಾಗುತ್ತದೆ. ಗಂಡಹೆಂಡಿರು ಗಾಳಿಯಲ್ಲಿ ತೇಲುತ್ತಾರೆ, ಮೇಣದ ಬತ್ತಿ ತೇಲುತ್ತದೆ, ಪುಸ್ತಕ ತೇಲುತ್ತದೆ, ಬಾಖ್‌ನ ಆರ್ಗನ್ ಸಂಗೀತ ಕೇಳಿಸುತ್ತದೆ. ಎಂದೂ ಭೂಮಿಯನ್ನು ನೋಡದ ಆ ಹೆಣ್ಣು ಗೋಡೆಯ ಮೇಲಿನ ಬ್ರೂಗಲ್‌ನ ಹಿಮದ ಚಿತ್ರವನ್ನು ನೋಡಿ ನೋಡಿ ಮನುಷ್ಯಳಾಗುತ್ತ ಹೋಗುತ್ತಾಳೆ. ಈ ದೃಶ್ಯದ ಮುಂದೆ ನಾನು ವಾದವನ್ನು ಮರೆಯುತ್ತೇನೆಂದು ಒಪ್ಪಿಕೊಳ್ಳಬೇಕು.

ಸ್ಟೀವನ್ ಸೋಡರ್‌ಬರ್ಗ್ 2002ರಲ್ಲಿ ಹಾಲಿವುಡ್ಡಿನಲ್ಲಿ ಮಾಡಿದ ಚಿತ್ರದಲ್ಲಿ ಕಡಲು ಕಿಟಕಿಯ ಹೊರಗಿನ ಬಣ್ಣವಷ್ಟೇ ಆಗಿ, ಪ್ರೇಮಕಥೆಯೊಂದು ಉಳಿಯಿತು. ತನ್ನ ಪುಸ್ತಕದ ಹೆಸರು 'ಸೊಲಾರಿಸ್', ಅಂತರಿಕ್ಷದಲ್ಲಿ ಪ್ರೇಮವೆಂದಲ್ಲ ಎಂಬ ಅರ್ಥದಲ್ಲಿ ಲೆಮ್ ಅದನ್ನು ಕುಟುಕಿದ. ಅದರ ಬಗ್ಗೆ ನನಗೆ ಹೆಚ್ಚು ಹೇಳುವುದಿಲ್ಲ.

ಅನುವಾದದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದೆ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಕಾಲದಲ್ಲಿ ನಾನು ಕೊಂಡ ಇಂಗ್ಲಿಷ್ 'ಸೊಲಾರಿಸ್' ಪೋಲಿಷ್ ಭಾಷೆಯಿಂದ ಬಂದದ್ದಲ್ಲ. ಪೋಲಿಷ್‌ನಿಂದ ಫ್ರೆಂಚಿಗೆ ಆದ ಅನುವಾದವನ್ನು 1970ರಲ್ಲಿ ಇಂಗ್ಲಿಷಿಗೆ ತಂದದ್ದು. ನಡುದಾರಿಯಲ್ಲಿ ನಾಯಕಿ ಹ್ಯಾರಿಯ ಹೆಸರು ರಿಯಾ ಎಂದಾಯಿತು, ಸ್ನಾವ್ಟ್ ಎಂಬ ವಿಜ್ಞಾನಿ ಸ್ನೋ ಎಂದಾದ. ಇಂಗ್ಲಿಷ್ ಬಲ್ಲ ಲೆಮ್‌ಗೆ ಇದರ ಬಗ್ಗೆ ಅಸಮಾಧಾನವಿತ್ತು. ಮೂಲದಿಂದ ನೇರವಾಗಿ ಬಿಲ್ ಜಾನ್‌ಸ್ಟನ್ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 2011ರಲ್ಲಿ, ಲೆಮ್ ತೀರಿಕೊಂಡು ಐದು ವರ್ಷವಾದ ಮೇಲೆ. ಯುರೋಪಿನ ಎಷ್ಟೋ ಕೃತಿಗಳನ್ನು ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ತಂದುಕೊಂಡ ನಾವು ಮೂಲನಿಷ್ಠೆಯ ಪ್ರಶ್ನೆಯಲ್ಲಿ ನಿರ್ದೇಶಕನೊಬ್ಬನನ್ನೇ ಕಟಕಟೆಗೆ ಹತ್ತಿಸುವುದು ಅಷ್ಟು ಸರಿಯಲ್ಲ.

ತಾರ್ಕೊವ್‌ಸ್ಕಿ ಮತ್ತೊಮ್ಮೆ ವೈಜ್ಞಾನಿಕ ಕಾದಂಬರಿಯೊಂದನ್ನು ಕೈಗೆತ್ತಿಕೊಂಡ: ಸ್ತ್ರುಗಾತ್‌ಸ್ಕಿ ಸೋದರರ 1972ರ 'ರೋಡ್‌ಸೈಡ್ ಪಿಕ್ನಿಕ್'. 1979ರ ಆ ಚಿತ್ರ 'ಸ್ಟಾಕರ್'. ಅಲ್ಲಿ ಮೊದಲು ಚಿತ್ರಿಸಿದ ಫಿಲ್ಮ್ ಸಂಸ್ಕರಣದಲ್ಲಿ ಹಾಳಾಗಿ ಮತ್ತೆ ಚಿತ್ರಿಸಬೇಕಾಯಿತು. ಲೇಖಕರೇ ಚಿತ್ರಕಥೆಯನ್ನು ಮೇಲಿಂದ ಮೇಲೆ ತಿದ್ದಿ ಬರೆದರು. ಕಳ್ಳಸಾಗಣೆಗಾರನಾಗಿದ್ದ ನಾಯಕ ಕೊನೆಗೆ ಅವಧೂತನಂಥ ಬಡಪಾಯಿಯಾದ. ಜಗಳವಿಲ್ಲದೆ ಮೂಲ ಲೇಖಕರೇ ತಮ್ಮ ಕಾದಂಬರಿಯನ್ನು ಬಿಟ್ಟುಕೊಟ್ಟ ಅಪರೂಪದ ಪ್ರಸಂಗವಿದು. ಎರಡೂ ನನಗೆ ಸಮಾನವಾಗಿ ಪ್ರಿಯ.

ಆದರೆ 'ಸೊಲಾರಿಸ್'ನ ಆ ಮನೆಯ ಮಾತು ಇನ್ನೂ ಮುಗಿದಿಲ್ಲ. ಲೆಮ್ ಹುಟ್ಟಿದ್ದು 1921ರಲ್ಲಿ, ಆಗ ಪೋಲೆಂಡಿಗೆ ಸೇರಿದ್ದ ಲ್ವುವ್ ನಗರದಲ್ಲಿ. 1939ರಲ್ಲಿ ಅಲ್ಲಿಗೆ ಸೋವಿಯತ್ ಸೇನೆ ಬಂತು, 1941ರಲ್ಲಿ ಜರ್ಮನ್ ಸೇನೆ ಬಂತು, 1944ರಲ್ಲಿ ಮತ್ತೆ ಸೋವಿಯತ್ ಸೇನೆ ಬಂತು. ಯಹೂದಿ ಮೂ‍ಲದ ಆ ಕುಟುಂಬ ಸುಳ್ಳು ಕಾಗದಪತ್ರಗಳ ನೆರವಿನಿಂದ ಬದುಕುಳಿಯಿತು. ಯುದ್ಧ ಮುಗಿದಾಗ ಗಡಿರೇಖೆ ಸರಿದು ಊರು ಸೋವಿಯತ್ ಉಕ್ರೇನಿಗೆ ಸೇರಿತು. 1945ರಲ್ಲಿ ಲೆಮ್ ಕುಟುಂಬ ಮನೆಮಾರು ಬಿಟ್ಟು ಕ್ರಾಕೋವಿಗೆ ಹೋಗಬೇಕಾಯಿತು. ಬಾಲ್ಯದ ಊರನ್ನು, ತಂದೆಯ ಪುಸ್ತಕಗಳನ್ನು, ಶಾಲೆಯನ್ನು ಅವನು 1966ರ 'ಹೈ ಕ್ಯಾಸಲ್' ಎಂಬ ನೆನಪಿನ ಪುಸ್ತಕದಲ್ಲಿ ಬಣ್ಣಿಸಿದ್ದಾನೆ. ಆದರೆ 'ಸೊಲಾರಿಸ್'ನಲ್ಲಿ, ನೆನಪಿಗೆ ಮೈ ಬರುವ ಆ ಕಾದಂಬರಿಯಲ್ಲಿ, ಹುಟ್ಟೂರಿನ ಒಂದು ಬೀದಿಯೂ ಇಲ್ಲ. ಊರನ್ನು ನಿಜವಾಗಿ ಕಳೆದುಕೊಂಡವನು ಕಡಲಿನಿಂದ ಮನೆಯನ್ನು ಕೇಳಲಿಲ್ಲ. ಮನೆಯನ್ನು ಕೇಳಿದವನು ತಾರ್ಕೊವ್‌ಸ್ಕಿ. ಆಗ ಅವನಿನ್ನೂ ತನ್ನ ನಾಡಿನಲ್ಲೇ ಇದ್ದ.

ಚಿತ್ರದ ಕೊನೆಯನ್ನು ನೆನಪಿಸಿಕೊಳ್ಳಿ. ಕೆಲ್ವಿನ್ ಮನೆಗೆ ಮರಳಿದಂತೆ ಕಾಣುತ್ತದೆ. ಅದೇ ಕೊಳ, ಅದೇ ಮರ, ಅದೇ ಮನೆ. ಕಿಟಕಿಯಿಂದ ನೋಡಿದರೆ ಒಳಗೆ ತಂದೆ ಇದ್ದಾನೆ, ಮಳೆ ಮನೆಯ ಒಳಗೆ ಸುರಿಯುತ್ತಿದೆ, ಅವನ ಭುಜದ ಮೇಲೆ ಬೀಳುತ್ತಿದೆ. ತಂದೆಗೆ ಅದರ ಪರಿವೆಯೇ ಇಲ್ಲ. ಮಗ ಬಾಗಿಲಲ್ಲಿ ಮೊಣಕಾಲೂರುತ್ತಾನೆ. ಕ್ಯಾಮೆರಾ ಮೇಲೆ ಮೇಲೆ ಏರುತ್ತದೆ. ಮನೆ, ತೋಟ, ದಾರಿ ಎಲ್ಲವೂ ಸೊಲಾರಿಸ್ ಕಡಲಿನ ನಡುವಣ ಒಂದು ಪುಟ್ಟ ದ್ವೀಪವೆಂದು ಆಗ ತಿಳಿಯುತ್ತದೆ. ಪರನಾಡಿನಲ್ಲಿ ನಾಲ್ಕು ದಶಕ ಕಳೆದವನಿಗೆ ಈ ದೃಶ್ಯ ಏನು ಮಾಡುತ್ತದೆಂದು ಈ ಸಭೆಗೆ ವಿವರಿಸಬೇಕಿಲ್ಲ. ಆದರೆ ಆ ಮಳೆಯನ್ನು ಗಮನಿಸಬೇಕು. ಕಡಲು ಮಗನ ನೆನಪಿನಿಂದ ಮನೆಯನ್ನು ಕಟ್ಟಿತು. ಮನೆಗೆ ಮಾಡು ಏಕಿರುತ್ತದೆ ಎಂಬುದು ಅದಕ್ಕೆ ತಿಳಿಯಲಿಲ್ಲ. ಚಿತ್ರದುದ್ದಕ್ಕೂ ಲೆಮ್‌ನೊಡನೆ ಜಗಳವಾಡಿದ ತಾರ್ಕೊವ್‌ಸ್ಕಿ ಈ ಒಂದು ವಿವರದಲ್ಲಿ ಲೆಮ್‌ನ ಮೂಲ ಊಹೆಗೆ ಮರಳಿದ್ದಾನೆ ಎಂಬುದು ನನ್ನ ಓದು. ಲೆಮ್‌ಗೆ ಇದು ಕಂಡಂತಿಲ್ಲ. ಆ ದ್ವೀಪದ ಬಗ್ಗೆ ಅವನಿಗೆ ಕೋಪವಷ್ಟೇ ಇತ್ತು.

ಮುಂದೆ ತಾರ್ಕೊವ್‌ಸ್ಕಿ ಇಟಲಿಗೆ ಹೋಗಿ 1983ರಲ್ಲಿ 'ನಾಸ್ಟಾಲ್ಜಿಯಾ' ಚಿತ್ರ ಮಾಡಿದ. 1984ರಲ್ಲಿ ತಾನಿನ್ನು ರಷ್ಯಕ್ಕೆ ಮರಳುವುದಿಲ್ಲವೆಂದು ಮಿಲಾನಿನಲ್ಲಿ ಸಾರಿದ. 1986ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. 'ನಾಸ್ಟಾಲ್ಜಿಯಾ'ದ ಕೊನೆಯ ಷಾಟಿನಲ್ಲಿ ಒಬ್ಬ ರಷ್ಯನ್ ಕವಿ ತನ್ನ ಹಳ್ಳಿಯ ಮನೆಯ ಮುಂದೆ ನಾಯಿಯೊಡನೆ ಕುಳಿತಿದ್ದಾನೆ. ಕ್ಯಾಮೆರಾ ಹಿಂದೆ ಸರಿದಾಗ ಆ ಮನೆ, ಆ ಹೊಲ ಎಲ್ಲವೂ ಇಟಲಿಯ ಒಂದು ಪಾಳುಬಿದ್ದ ಮಠದ ಗೋಡೆಗಳ ನಡುವೆ ಇರುವುದು ಕಾಣುತ್ತದೆ. ಮಠಕ್ಕೆ ಮಾಡಿಲ್ಲ. ಹಿಮ ಒಳಗೇ ಬೀಳುತ್ತಿದೆ. ಹನ್ನೊಂದು ವರ್ಷದ ಹಿಂದೆ ಇನ್ನೊಬ್ಬರ ವೈಜ್ಞಾನಿಕ ಕಾದಂಬರಿಗೆ ಅವನು ಒತ್ತಾಯದಿಂದ ತುರುಕಿದ್ದ ಮನೆ ಇದೇ.

ಮತ ಹಾಕಲೇಬೇಕೆಂದು ಸಮಿತಿಯವರ ಆಗ್ರಹವಿದೆ. ಚಿತ್ರಗಳಲ್ಲಿ ನನ್ನ ಮತ 'ಸೊಲಾರಿಸ್'ಗೆ. ಕಾದಂಬರಿ ಮತ್ತು ಚಿತ್ರಗಳ ನಡುವೆ ಆರಿಸಬೇಕೆಂದರೆ ಕಾದಂಬರಿಗೆ. 'ಬ್ಲೇಡ್ ರನ್ನರ್' ಪಕ್ಷದವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಕೈ ಎತ್ತಿದ್ದೂ ಕಾಣುತ್ತಿದೆ. ಅಧ್ಯಕ್ಷರ ಅನುಮತಿ ಇದ್ದರೆ ಚರ್ಚೆಯನ್ನು ಅವರಿಂದಲೇ ಆರಂಭಿಸೋಣ.